ರೈಸ್ ಮಿಲ್ಲಿನಲ್ಲಿ ಸ್ಪ್ಯಾನಿಷ್

ಮೊನ್ನೆ ಸಂತೆಯಲ್ಲಿ ತೆಂಗಿನಕಾಯಿ ಕೊಳ್ಳುತ್ತಿದ್ದೆ. ಮೊಮ್ಮಗುವಿನ ನಾಮಕರಣಕ್ಕೆ ಇಪ್ಪತ್ತೈದು ಕಾಯಿ ಬೇಕಾಗಿತ್ತು. ಮಾರುವವನು ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಅಲುಗಾಡಿಸಿ ಚೀಲಕ್ಕೆ ಹಾಕುತ್ತಿದ್ದ. ನಾನು ನನ್ನ ಪಾಡಿಗೆ "ಊನೊ, ದೋಸ್, ತ್ರೇಸ್, ಕ್ವಾತ್ರೊ" ಎಂದು ಎಣಿಸುತ್ತಿದ್ದೆ. ಏಳೆಂಟು ಕಾಯಿ ಆಗುವಷ್ಟರಲ್ಲಿ ಅವನ ಕೈ ನಿಂತಿತು.

"ಯಾಕ್ ಸ್ವಾಮಿ, ನನ್ ಕಾಯ್ಗೇನಾರ ಮಂತ್ರ ಆಕ್ತಿದ್ದೀರಾ?" ಎಂದ.

"ಅವ್ರು ಅಂಗೇ ಬುಡಪ್ಪ. ಇಪ್ಪತ್ತಾದ್ಮೇಲೆ ಸರೋಯ್ತಾರೆ," ಎಂದಳು ಪಕ್ಕದಲ್ಲಿದ್ದ ನನ್ನ ಹೆಂಡತಿ.

ಅವಳು ಹೇಳಿದ್ದು ನಿಜ. ಇಪ್ಪತ್ತೊಂದರಿಂದ ನಾನು ಕನ್ನಡಕ್ಕೆ ಬಂದುಬಿಡುತ್ತೇನೆ, ಏಕೆಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ನನಗೆ ಬರುವುದು ಇಪ್ಪತ್ತರವರೆಗೆ ಮಾತ್ರ. ನಾನು ಸ್ಪೇನ್ ದೇಶಕ್ಕೆ ಹೋದವನಲ್ಲ. ರಾಜ್ಯದ ಗಡಿ ದಾಟಿದ್ದೇ ಎರಡು ಸಲ, ಎರಡು ಸಲವೂ ತಿರುಪತಿಗೆ. ಆದರೂ ತೊಂಬತ್ತರ ದಶಕದಲ್ಲಿ ಕೆ.ಆರ್. ಪೇಟೆಯ ನಲವತ್ತು ಮಕ್ಕಳಿಗೆ ಒಂದು ವರ್ಷ ನಾನು ಸ್ಪ್ಯಾನಿಷ್ ಮೇಷ್ಟ್ರಾಗಿದ್ದೆ. ಆಗಲೂ ಆ ಭಾಷೆ ನನಗೆ ಬರುತ್ತಿರಲಿಲ್ಲ. ಹಾಗಾದರೆ ಕಲಿಸಿದ್ದೇನು, ಕಲಿಸಿದ್ದು ಸರಿಯೋ ತಪ್ಪೋ ಎಂದು ನೀವು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಉತ್ತರ ಸಿಕ್ಕಿದ್ದರೆ ಇದನ್ನು ಬರೆಯುವ ಗೋಜಿಗೇ ಹೋಗುತ್ತಿರಲಿಲ್ಲ.

ಗೊಂದಲ ನನಗೆ ಹುಟ್ಟಿನಿಂದ ಬಂದದ್ದು. ಇವತ್ತಿಗೂ ಎಡಗಡೆ ಎಂದರೆ ಯಾವ ಕಡೆ ಎಂದು ತಿಳಿಯಲು ಊಟ ಮಾಡುವ ಕೈಯನ್ನು ಒಮ್ಮೆ ನೋಡಿಕೊಳ್ಳುತ್ತೇನೆ. ಚಿಕ್ಕಂದಿನಲ್ಲಿ ನಾಗಮಂಗಲದ ನಮ್ಮ ಶಾಲೆಯಲ್ಲಿ ಇದು ಯಾರಿಗೂ ಗೊತ್ತಾಗಲಿಲ್ಲ, ಯಾಕೆಂದರೆ ಅಲ್ಲಿ ಒಬ್ಬೊಬ್ಬರನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಸಂಜೆ ನಾಲ್ಕಕ್ಕೆ ಎಲ್ಲರೂ ಸಾಲಾಗಿ ನಿಂತು ಕೈಕಟ್ಟಿಕೊಂಡು ಮಗ್ಗಿ ಹೇಳಬೇಕು. ಲೀಡರು ಮುಂದೆ ನಿಂತು "ಎರಡೊಂದ್ಲ ಎರಡು" ಎನ್ನುತ್ತಾನೆ, ನಾವೆಲ್ಲ "ಎರಡೊಂದ್ಲ ಎರಡು" ಎನ್ನುತ್ತೇವೆ. ಅರ್ಧ ನಿದ್ದೆಯಲ್ಲಿ ಹೇಳಿದರೂ ರಾಗ ತಪ್ಪುತ್ತಿರಲಿಲ್ಲ. ಒಂಬತ್ತು ಏಳಲ ಎಷ್ಟು ಎಂದು ಯಾರಾದರೂ ತಟ್ಟನೆ ಕೇಳಿದರೆ ನಾನು ಒಂಬತ್ತೊಂದ್ಲದಿಂದ ಶುರುಮಾಡಿ, ಕಣ್ಣು ಮುಚ್ಚಿ, ಏಳರವರೆಗೆ ನಡೆದುಕೊಂಡು ಹೋಗಬೇಕಿತ್ತು. ಹೇಳಿಕೊಡುವುದು, ಹೇಳುವುದು. ವಿದ್ಯೆ ಎಂದರೆ ಇಷ್ಟೇ ಎಂದು ನಾನು ನಂಬಿದ್ದೆ. ಟಿಸಿಎಚ್ ಮುಗಿಸಿ ನಾನೇ ಮೇಷ್ಟ್ರಾದ ಮೇಲೂ ಆ ನಂಬಿಕೆಗೆ ಏನೂ ಆಗಲಿಲ್ಲ.

ನನಗೆ ಮೊದಲು ಕೆಲಸ ಕೊಟ್ಟವರು ಕೆ.ಆರ್. ಪೇಟೆಯ ನಂಜೇಗೌಡರು. ಅವರದೊಂದು ಹಳೆಯ ರೈಸ್ ಮಿಲ್ಲಿತ್ತು. ಮಿಲ್ಲು ನಿಂತುಹೋದ ಮೇಲೆ ಅದರಲ್ಲೇ ಒಂದು ಪ್ರೈಮರಿ ಸ್ಕೂಲು ತೆರೆದು, ತಾವೇ ಸೆಕ್ರೆಟರಿಯಾದರು. ಊರವರು ಅದನ್ನು ಕಾನ್ವೆಂಟು ಎನ್ನುತ್ತಿದ್ದರು. ಗೋಡೆಯಲ್ಲಿ, ಬೆಂಚಿನಲ್ಲಿ, ಮಕ್ಕಳ ನೋಟುಬುಕ್ಕಿನಲ್ಲಿ ಎಲ್ಲೆಲ್ಲೂ ತೌಡಿನ ವಾಸನೆ. ಮೇಲಿನ ತೊಲೆಗಳಲ್ಲಿ ಗುಬ್ಬಚ್ಚಿಗಳಿದ್ದವು. ಅಕ್ಕಿ ನಿಂತುಹೋದ ಸುದ್ದಿ ಅವಕ್ಕೆ ಇನ್ನೂ ತಲುಪಿರಲಿಲ್ಲ.

ಒಂದು ಸಲ ಬೇಸಿಗೆ ರಜೆ ಮುಗಿಸಿ ನಾನು ಶಾಲೆಗೆ ಬಂದಾಗ ಗೇಟಿನ ಮೇಲೆ ಹೊಸ ಬೋರ್ಡು ಕಂಡಿತು. "ಇಲ್ಲಿ ಇಂಗ್ಲಿಷ್, ಹಿಂದಿ ಮತ್ತು ಸ್ಪ್ಯಾನಿಷ್ ಕಲಿಸಲಾಗುವುದು." ಬಣ್ಣ ಇನ್ನೂ ಹಸಿಯಾಗಿತ್ತು. ಕಲಿಸುವವರು ಯಾರು ಎಂದು ಸೆಕ್ರೆಟರಿಯವರನ್ನೇ ಕೇಳಿದೆ.

"ಆ ಕಡೆ ಬೀದಿ ಇಸ್ಕೂಲ್ನೋರು ಕಂಪ್ಯೂಟ್ರು ತಂದ್ರಲ್ಲ ಮೇಷ್ಟ್ರೇ, ನಾವ್ ಸುಮ್ಕಿರಕಾಯ್ತದಾ? ಇಪ್ಪತ್ತು ದೇಸ್ದಲ್ಲಿ ಈ ಭಾಷೆ ಮಾತಾಡ್ತಾರಂತೆ. ನೀವು ಪೀಯೂಸೀಲಿ ಸಂಸ್ಕೃತ ತಕ್ಕಂಡಿದ್ರಲ್ವಾ?"

"ತಗೊಂಡಿದ್ದೆ ಸಾರ್. ಅದಕ್ಕೂ ಇದಕ್ಕೂ..."

"ಸಂಸ್ಕೃತ ಬಂದೋರ್ಗೆ ಎಲ್ಲಾ ಭಾಷೇನೂ ಬತ್ತದೆ ಬುಡಿ. ನೀವೇ ಏಳ್ಕೊಡಿ."

ಬೋರ್ಡನ್ನು ಮೊದಲು ಬರೆಸಿ ಮೇಷ್ಟ್ರನ್ನು ಆಮೇಲೆ ಹುಡುಕುವುದು ನಂಜೇಗೌಡರ ಪದ್ಧತಿ. ಇಲ್ಲ ಎನ್ನುವ ಧೈರ್ಯ ನನಗಿರಲಿಲ್ಲ. ಆಗ ತಾನೇ ಮದುವೆಯಾಗಿತ್ತು. ಆ ಭಾನುವಾರವೇ ಮೈಸೂರಿಗೆ ಹೋಗಿ, ಹಳೇ ಪುಸ್ತಕ ಮಾರುವವನ ಹತ್ತಿರ ಇಂಗ್ಲಿಷಿನ ಮೂಲಕ ಸ್ಪ್ಯಾನಿಷ್ ಕಲಿಸುವ ಒಂದು ಪುಸ್ತಕ ಹಿಡಿದು ತಂದೆ. ಮೊದಲ ಹನ್ನೆರಡು ಪಾಠ ಸರಿಯಾಗಿದ್ದವು, ಮುಂದಿನದನ್ನು ಗೆದ್ದಲು ಓದಿ ಮುಗಿಸಿತ್ತು. ವಾಪಸು ಬರುವಾಗ ಬಸ್ಸಿನಲ್ಲೇ ಓದತೊಡಗಿದೆ. ಶ್ರೀರಂಗಪಟ್ಟಣಕ್ಕೆ ಐದರವರೆಗೆ ಎಣಿಕೆ ಬಂತು, ಪಾಂಡವಪುರಕ್ಕೆ ಹತ್ತು ಬಂತು. ಅಲ್ಲಿಂದ ಕೆ.ಆರ್. ಪೇಟೆಗೆ ಇಪ್ಪತ್ತು ಮುಗಿಸಿದಾಗ ಪಕ್ಕದಲ್ಲಿ ಕುಳಿತಿದ್ದ ಮುದುಕರು ಎದ್ದು ಬೇರೆ ಸೀಟಿಗೆ ಹೋದರು. ಇನ್ನೂ ಮುಂದಿನ ಊರಿಗೆ ಟಿಕೆಟು ತಗೊಂಡಿದ್ದರೆ ಮೂವತ್ತೂ ಬರುತ್ತಿತ್ತೇನೋ.

ಕಲಿಸುವುದು ಹೇಗೆ ಎಂಬ ಚಿಂತೆ ನನ್ನನ್ನು ಒಂದು ದಿನವೂ ಕಾಡಲಿಲ್ಲ. ನಮಗೊಂದು ರಾಗವಿತ್ತಲ್ಲ. ನಾನು ಮುಂದೆ ನಿಂತು "ಬುಯೆನೋಸ್ ದೀಯಾಸ್" ಎನ್ನುತ್ತಿದ್ದೆ, ನಲವತ್ತು ಮಕ್ಕಳು ಕೈಕಟ್ಟಿ "ಬುಯೆನೋಸ್ ದೀಯಾಸ್" ಎನ್ನುತ್ತಿದ್ದರು. ನಾನು "ಲಾ ವಾಕಾ ದಾ ಲೇಚೆ" ಎನ್ನುತ್ತಿದ್ದೆ, ಹಸು ಹಾಲು ಕೊಡುತ್ತದೆ ಎಂದು ಅರ್ಥ. ಅವರೂ ಹಾಗೇ ಎನ್ನುತ್ತಿದ್ದರು. ಎರಡರ ಮಗ್ಗಿಯ ಧಾಟಿಗೆ ಹಸು ಹಾಲು ಕೊಡುವುದು ಎಷ್ಟು ಚೆನ್ನಾಗಿ ಹೊಂದುತ್ತಿತ್ತೆಂದರೆ, ಸ್ಪೇನಿನವರಿಗೆ ಈ ಉಪಾಯ ಯಾಕೆ ಹೊಳೆದಿಲ್ಲ ಎಂದು ನನಗೆ ಆಶ್ಚರ್ಯವಾಗುತ್ತಿತ್ತು. ಆ ಭಾಷೆಯಲ್ಲಿ ಮೇಜು ಹೆಣ್ಣು, ಪುಸ್ತಕ ಗಂಡು. ಒಬ್ಬ ಹುಡುಗ ಯಾಕೆ ಎಂದು ಕೇಳಿದಾಗ "ಅವರ ದೇಶದಲ್ಲಿ ಹಾಗೆ" ಎಂದು ಕೂರಿಸಿದೆ. ಆಮೇಲೆ ಯಾರೂ ಕೇಳಲಿಲ್ಲ.

ಇಷ್ಟೇ ಆಗಿದ್ದರೆ ನನ್ನ ಸ್ಪ್ಯಾನಿಷ್ಷೂ ಮಿಲ್ಲಿನ ತೌಡಿನಂತೆ ಎಲ್ಲೋ ಉದುರಿಹೋಗುತ್ತಿತ್ತು. ಆದರೆ ಆ ತರಗತಿಯಲ್ಲಿ ಪವಿತ್ರ ಇದ್ದಳು.

ಪವಿತ್ರ ಬೂಕನಕೆರೆಯ ಬೋರಣ್ಣನ ಮಗಳು, ನಾಲ್ಕನೇ ಕ್ಲಾಸು. ಅವಳಿಗೆ ಮಾತು ತಡೆಯುತ್ತಿತ್ತು. ಹೆಸರು ಕೇಳಿದರೆ "ಪ" ಎಂಬಲ್ಲೇ ತುಟಿ ಅಂಟಿಕೊಂಡು, ಕತ್ತಿನ ನರ ಬಿಗಿದು, ಕಣ್ಣಲ್ಲಿ ನೀರು ತುಂಬುತ್ತಿತ್ತು. ನೋಡುವವರಿಗೆ ಸಂಕಟವಾಗಿ ಯಾರಾದರೂ "ಪವಿತ್ರ, ಪವಿತ್ರ ಅಂತ" ಎಂದು ಮುಗಿಸಿಬಿಡುತ್ತಿದ್ದರು. ನಾನೂ ಹಾಗೇ ಮಾಡುತ್ತಿದ್ದೆ. ಪಾಪದ ಹುಡುಗಿಗೆ ಸಹಾಯ ಮಾಡಿದೆ ಎಂದು ಒಳಗೊಳಗೇ ಸಮಾಧಾನವೂ ಆಗುತ್ತಿತ್ತು. ಅವಳ ಅಜ್ಜಿ ಮಾತ್ರ ಬೇರೆ ಮಾತಾಡುತ್ತಿದ್ದಳು. ಬೋರಣ್ಣ ಡೈರಿಗೆ ಹಾಲು ಹಾಕಿ, ಕ್ಯಾನನ್ನು ಸೈಕಲ್ಲಿಗೆ ತೂಗುಹಾಕಿಕೊಂಡೇ ಒಂದು ದಿನ ಶಾಲೆಗೆ ಬಂದು ನನ್ನ ಹತ್ತಿರ ಹೇಳಿದ.

"ಮಾತ್ ಬರ್ದೋಳ್ಗೆ ಇಸ್ಕೂಲ್ ಯಾಕ್ಲಾ, ಎಮ್ಮೆ ನೋಡ್ಕಳ್ಳಿ ಅಂತದೆ ನಮ್ಮವ್ವ. ನಾನು ಈ ವರ್ಸ ನೋಡಾನ ಅಂದಿವ್ನಿ ಮೇಷ್ಟ್ರೇ. ಈ ವರ್ಸ ಏನೂ ಆಗ್ಲಿಲ್ಲ ಅಂದ್ರೆ ಬುಡಿಸ್ಬುಡ್ತೀನಿ."

ನೋಡೋಣ ಎಂದೆ. ಆಮೇಲೆ ಸ್ಪ್ಯಾನಿಷ್ ಬಂತು. ಎರಡನೇ ವಾರವೋ ಮೂರನೇ ವಾರವೋ, ಮಕ್ಕಳು ಹಾಡುತ್ತಿರುವಾಗ ಸಾಲುಗಳ ನಡುವೆ ನಡೆಯುತ್ತಿದ್ದೆ. ಪವಿತ್ರಳ ಪಕ್ಕಕ್ಕೆ ಬಂದಾಗ ಅವಳ ದನಿ ಕೇಳಿಸಿತು. "ಮೆ ಯಾಮೊ ಪವಿತ್ರ." ನನ್ನ ಹೆಸರು ಪವಿತ್ರ. ಒಂದು ಕಡೆಯೂ ತಡೆಯಲಿಲ್ಲ. ಕೈಸನ್ನೆ ಮಾಡಿ ಉಳಿದವರನ್ನು ನಿಲ್ಲಿಸಿದೆ. ಅವಳು ಕಣ್ಣು ಮುಚ್ಚಿಕೊಂಡು ಒಬ್ಬಳೇ ಹಾಡುತ್ತ ಪಾಠ ಮುಗಿಸಿದಳು. ಕಣ್ಣು ತೆರೆದು ಎಲ್ಲರೂ ತನ್ನನ್ನೇ ನೋಡುತ್ತಿರುವುದನ್ನು ಕಂಡು ಗಾಬರಿಯಾಗಿ ಕುಳಿತಳು. ಸ್ಪ್ಯಾನಿಷ್ ಭಾಷೆಯಲ್ಲೇ ಏನೋ ಔಷಧಿ ಇದೆ ಎಂದುಕೊಂಡೆ. ಅದು ಭಾಷೆಯದೋ ರಾಗದ್ದೋ ಎಂದು ಯೋಚಿಸುವಷ್ಟು ತಿಳಿವಳಿಕೆ ನನಗೆಲ್ಲಿತ್ತು?

ಸುದ್ದಿ ಬೂಕನಕೆರೆಗೆ ಮುಟ್ಟಿತು. ಬೋರಣ್ಣ ಸಿಕ್ಕಿದಾಗಲೆಲ್ಲ ಸೈಕಲ್ಲಿಂದ ಇಳಿದು ಕೈಮುಗಿಯತೊಡಗಿದ. ಅವನು ಕೈಮುಗಿಯುವುದನ್ನು ನೋಡಿದರೆ ನನಗೆ ರಸ್ತೆ ಬದಲಿಸುವ ಹಾಗಾಗುತ್ತಿತ್ತು. ನಾನು ಹೇಳಿಕೊಡುತ್ತಿರುವುದು ಸ್ಪ್ಯಾನಿಷ್ ಹೌದೋ ಅಲ್ಲವೋ ಎಂದು ಹೇಳಬಲ್ಲ ಒಬ್ಬ ಮನುಷ್ಯನೂ ಮಂಡ್ಯ ಜಿಲ್ಲೆಯಲ್ಲಿ ಇರಲಿಲ್ಲ. ಅದೇ ನನ್ನ ಧೈರ್ಯ, ಅದೇ ನನ್ನ ದಿಗಿಲು.

ಅಂಥದೊಂದು ಜೀವ ಬಂದೇಬಿಟ್ಟಿತು. ಸಂಕ್ರಾಂತಿ ಕಳೆದ ಮೇಲೆ ನಂಜೇಗೌಡರು ಸ್ಟಾಫ್ ರೂಮಿಗೆ ನುಗ್ಗಿ ಹೇಳಿದರು: ಹೊಸಹೊಳಲಿನ ದೇವಸ್ಥಾನದಲ್ಲಿ ಒಬ್ಬಳು ಫಾರಿನ್ ಹೆಂಗಸು ಕೂತು ಗೋಡೆಯ ಶಿಲ್ಪಗಳ ಚಿತ್ರ ಬರೆಯುತ್ತಿದ್ದಾಳೆ, ಅವಳ ದೇಶ ಸ್ಪೇನ್, ಶನಿವಾರ ಬೆಳಿಗ್ಗೆ ಶಾಲೆಗೆ ಬರಲು ಒಪ್ಪಿದ್ದಾಳೆ, ಪೋಷಕರಿಗೆಲ್ಲ ಹೇಳಿಕಳಿಸಿ ಆಗಿದೆ. ಆ ಕಡೆ ಬೀದಿಯ ಸ್ಕೂಲಿನವರಿಗೂ ಹೇಳಿಕಳಿಸಿದ್ದರು.

ಆ ವಾರ ನಾನು ಅನ್ನ ತಿಂದೆನೋ ಮಣ್ಣು ತಿಂದೆನೋ ನೆನಪಿಲ್ಲ. ಕೆಲಸ ಹೋದರೆ ಹೋಗಲಿ, ನಾಗಮಂಗಲದಲ್ಲಿ ಅಪ್ಪನ ಜಮೀನಿತ್ತು. ಆದರೆ ಆ ಹೆಂಗಸು ಎಲ್ಲರೆದುರಿಗೆ "ಇದು ಸ್ಪ್ಯಾನಿಷ್ಷೇ ಅಲ್ಲ" ಎಂದುಬಿಟ್ಟರೆ ಪವಿತ್ರಳ ಗತಿಯೇನು? ತಡೆಯದೆ ಹರಿಯುವ ಒಂದೇ ಒಂದು ಮಾತು ಅವಳಿಗಿತ್ತು. ಅದೂ ಸುಳ್ಳು ಎಂದಾದರೆ ಅಜ್ಜಿಯ ಮಾತೇ ಗೆಲ್ಲುತ್ತದೆ. ಹೋಗಿ ಬೋರಣ್ಣನಿಗೆ ಮೊದಲೇ ನಿಜ ಹೇಳಿಬಿಡಲೇ ಎಂದು ಎರಡು ಸಲ ಬೂಕನಕೆರೆಯ ಬಸ್ಸಿನವರೆಗೆ ಹೋದೆ. ಎರಡು ಸಲವೂ ಬಸ್ಸು ಹೋಗುವುದನ್ನು ನೋಡಿಕೊಂಡು ವಾಪಸು ಬಂದೆ.

ಶನಿವಾರ ಬಂತು. ಅವಳ ಹೆಸರು ಪಿಲಾರ್. ಬಂದ ಐದು ನಿಮಿಷಕ್ಕೆ ನಮ್ಮವರ ಬಾಯಲ್ಲಿ ಪಿಲಾರಮ್ಮನಾದಳು. ನಲವತ್ತರ ಆಸುಪಾಸಿನ ಹೆಂಗಸು, ಬೆರಳೆಲ್ಲ ಪೆನ್ಸಿಲ್ಲಿನ ಕರಿ. ಮಿಲ್ಲಿನ ಕಿಟಕಿಗಳಲ್ಲಿ, ಬಾಗಿಲಲ್ಲಿ ಅಪ್ಪ ಅಮ್ಮಂದಿರು ತುಂಬಿಕೊಂಡಿದ್ದರು. ಬೋರಣ್ಣ ಬಿಳಿ ಷರಟು ಹಾಕಿಕೊಂಡು ಮೊದಲ ಕಿಟಕಿಯಲ್ಲೇ ನಿಂತಿದ್ದ, ಪಕ್ಕದಲ್ಲಿ ಅಜ್ಜಿಯೂ ಇದ್ದಳು. ಪಿಲಾರ್ ಮಕ್ಕಳ ಮುಂದೆ ನಿಂತು, ನಕ್ಕು, "ಬುಯೆನೋಸ್ ದೀಯಾಸ್" ಎಂದಳು.

ಮಕ್ಕಳು ಎದ್ದು, ಕೈಕಟ್ಟಿ, ಒಕ್ಕೊರಲಿನಿಂದ "ಬುಯೆನೋಸ್ ದೀಯಾಸ್" ಎಂದರು. ಅವಳಿಗೆ ಖುಷಿಯಾಯಿತು. ಹೇಗಿದ್ದೀರಿ ಎಂದು ಕೇಳಿದಳು. ಮಕ್ಕಳೂ ಹೇಗಿದ್ದೀರಿ ಎಂದರು. ನಿಮ್ಮ ಹೆಸರೇನು ಎಂದಳು. ನಲವತ್ತು ಮಕ್ಕಳು ನಿಮ್ಮ ಹೆಸರೇನು ಎಂದರು. ಅವಳು ಸ್ವಲ್ಪ ತಬ್ಬಿಬ್ಬಾಗಿ ಉದ್ದದ್ದೊಂದು ವಾಕ್ಯ ಹೇಳಿದಳು. ಮಕ್ಕಳು ಅದನ್ನೂ ಅಷ್ಟೇ ಉದ್ದಕ್ಕೆ, ಅವಳ ಏರಿಳಿತ ಸಮೇತ ವಾಪಸು ಕೊಟ್ಟರು. ಅವಳು ಕೈ ಅಲ್ಲಾಡಿಸಿ "ನೋ, ನೋ" ಎಂದಳು. ನಲವತ್ತು ಕೈಗಳು ಮೇಲೆದ್ದು ಅಲ್ಲಾಡಿದವು, "ನೋ, ನೋ."

ನನಗೆ ಆಗ ಅರ್ಥವಾಯಿತು. ಮುಂದೆ ನಿಂತವರು ಹೇಳಿಕೊಡುವವರು, ಹೇಳಿಕೊಟ್ಟದ್ದನ್ನು ಹೇಳಬೇಕು. ನಮ್ಮಲ್ಲಿ ಇದು ಬಿಟ್ಟು ಬೇರೆ ನಡೆದೇ ಇಲ್ಲ. ಪ್ರಶ್ನೆಗೆ ಉತ್ತರವನ್ನು ನಾನು ಹೇಳಿಕೊಟ್ಟಿದ್ದೆ, ಆದರೆ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಕೊಟ್ಟಿದ್ದೆ. ಅತ್ತ ಕಿಟಕಿಗಳಲ್ಲಿ ಸಂಭ್ರಮವೋ ಸಂಭ್ರಮ. ಆ ಹೆಂಗಸು ಒಂದು ಮಾತಾಡಿದರೆ ನಮ್ಮ ಮಕ್ಕಳು ಅವಳದೇ ಭಾಷೆಯಲ್ಲಿ ತಟಕ್ಕನೆ ಮಾತಾಡುತ್ತಿವೆ! "ನೋಡ್ಲಾ, ಎಂಗ್ ಮಾತಾಡ್ತವೆ ಅವ್ಳ್ ಕುಟ್ಟೆ!" ಎಂದು ಯಾರೋ ಕೂಗಿದರು. ನಂಜೇಗೌಡರು ಆ ಕಡೆ ಬೀದಿಯ ಸ್ಕೂಲಿನವರ ಮುಖ ನೋಡುತ್ತ ನಿಂತಿದ್ದರು.

ಪಿಲಾರ್ ಕೊನೆಗೆ ನನ್ನ ಕಡೆ ತಿರುಗಿ ಸ್ಪ್ಯಾನಿಷ್ಷಿನಲ್ಲಿ ಏನೋ ಕೇಳಿದಳು. ಹೇಳಲು ನಾಚಿಕೆ, ಆದರೆ ನಿಮ್ಮಿಂದ ಮುಚ್ಚಿಡುವುದೇನು? ನಾನೂ ಕೈಕಟ್ಟಿಕೊಂಡು ಅವಳು ಹೇಳಿದ್ದನ್ನೇ ಹೇಳಿಬಿಟ್ಟೆ.

ಆಗ ಮೂರನೇ ಸಾಲಿನಲ್ಲಿ ಪವಿತ್ರ ಎದ್ದು ನಿಂತಳು. "ಸಾ..." ಎಂದಳು. ಮುಂದೆ ತುಟಿ ಬಿಗಿಯಿತು. "ಇ... ಇ..." ಅಭ್ಯಾಸದಂತೆ ಅವಳ ಮಾತನ್ನು ಮುಗಿಸಲು ನಾನು ಬಾಯಿ ತೆರೆದೆ. ಆದರೆ ಏನು ಹೇಳಲು ಹೊರಟಿದ್ದಾಳೆ ಎಂಬುದೇ ನನಗೆ ಹೊಳೆಯಲಿಲ್ಲ. ಬಾಯಿ ಹಾಗೇ ತೆರೆದುಕೊಂಡಿತ್ತು. ಬಹಳ ಹೊತ್ತಿನ ಮೇಲೆ ಮಾತು ಬಂತು, ಕನ್ನಡದಲ್ಲಿ.

"ಇ... ಇವ್ರು ಏಳ್ಕೊಡ್ತಾವ್ರಾ ಸಾ, ಕೇ... ಕೇಳ್ತಾವ್ರಾ?"

ಇಡೀ ಮಿಲ್ಲು ನನ್ನ ಉತ್ತರಕ್ಕೆ ಕಾದಿತ್ತು. ಮೇಷ್ಟ್ರಾದ ಮೇಲೆ ಮೊದಲ ಸಲ ನಾನು ಮಕ್ಕಳೆದುರಿಗೆ ನಿಜ ಹೇಳಿದೆ.

"ನಂಗೂ ಗೊತ್ತಾಗ್ತಿಲ್ಲ ಕಣವ್ವ. ನಂಗೆ ಅವ್ರ ಭಾಷೆ ಬರಲ್ಲ."

ನಂಜೇಗೌಡರು ಕೆಮ್ಮಿದರು. ಹುಡುಗಿ ಏನು ಹೇಳಿದಳೆಂದು ಪಿಲಾರ್ ಇಂಗ್ಲಿಷಿನಲ್ಲಿ ಕೇಳಿದಳು. ನನ್ನ ಹರಕು ಇಂಗ್ಲಿಷಿನಲ್ಲಿ ತಿಳಿಸಿದೆ. ಅವಳು ಅಲ್ಲೇ ನೆಲದ ಮೇಲೆ ಕುಳಿತು ನಕ್ಕಳು, ಆಮೇಲೆ ಪವಿತ್ರಳನ್ನು ಹತ್ತಿರ ಕರೆದು ತನ್ನ ಎದೆ ಮುಟ್ಟಿಕೊಂಡು ಹೆಸರು ಹೇಳಿದಳು. ಪವಿತ್ರ ಕಣ್ಣು ಮುಚ್ಚಿ ತನ್ನ ಹೆಸರನ್ನು ಹಾಡಿದಳು. ಹೋಗುವಾಗ ಪಿಲಾರ್ ನನ್ನ ಹತ್ತಿರ, ನೀನು ಕಲಿಸಿರುವುದು ಸ್ಪ್ಯಾನಿಷ್ಷೇ, ಆದರೆ ಹೀಗೆ ರಾಗವಾಗಿ ನಮ್ಮೂರಲ್ಲಿ ಚರ್ಚಿನೊಳಗೆ ಮಾತ್ರ ಹೇಳುತ್ತಾರೆ ಎಂದಳು. ಅದು ಹೊಗಳಿಕೆಯೋ ಬೈಗುಳವೋ ತಿಳಿಯದೆ ನಾನು ಥ್ಯಾಂಕ್ಯೂ ಎಂದೆ.

ಜನ ಕರಗಿದ ಮೇಲೆ ಸೈಕಲ್ ಸ್ಟ್ಯಾಂಡಿನ ಹತ್ತಿರ ಬೋರಣ್ಣ ನಿಂತಿದ್ದ. ನಾನೇ ಹೋಗಿ ತಪ್ಪೊಪ್ಪಿಕೊಂಡೆ. ನನಗೆ ಆ ಭಾಷೆ ಬರುವುದಿಲ್ಲ, ಪುಸ್ತಕ ನೋಡಿಕೊಂಡು ಹಾಡಿಸಿದೆ, ನಿನ್ನ ಮಗಳ ಮಾತು ಸರಿಹೋಗಿದೆ ಎಂದು ನೀನು ನಂಬಿದ್ದೀಯ, ಅದು ಸರಿಹೋಗಿಲ್ಲ ಎಂದೆ.

"ಕೇಳುಸ್ತಲ್ಲ ಮೇಷ್ಟ್ರೇ, ತಡೀತಾನೇ ಅದೆ," ಎಂದ ಬೋರಣ್ಣ. ಸ್ವಲ್ಪ ಹೊತ್ತು ಸೈಕಲ್ಲಿನ ಬೆಲ್ಲನ್ನು ಉಜ್ಜುತ್ತಿದ್ದ. "ಆದ್ರೆ ಅಷ್ಟ್ ಜನ್ದ್ ಮುಂದೆ ಎದ್ ನಿಂತ್ಕಂಡು ಕೇಳುದ್ಲಲ್ಲ. ಇಂಥೋಳ್ನ ಎಮ್ಮೆ ಹಿಂದೆ ಕಳ್ಸಕಾಯ್ತದಾ ಅಂದೆ ನಮ್ಮವ್ವಂಗೆ. ಇಸ್ಕೂಲ್ ಬುಡ್ಸಲ್ಲ ಬುಡಿ. ಎಮ್ಮೆ ಮುಂದೆ ಹೆಂಗೂ ದಿನಾ ಸಾಯಂಕಾಲ ಮಾತಾಡ್ತಾಳೆ, ನಿಮ್ ಇಸ್ಪ್ಯಾನಿಸ್ಸೂ ಆಡ್ತಾಳೆ, ಕನ್ನಡಾನೂ ಆಡ್ತಾಳೆ. ಅಲ್ಲಿ ಒಂದ್ ಕಿತವೂ ತಡಿಯಾಕಿಲ್ಲ. ಅದ್ಯಾಕೋ ನಂಗಂತೂ ಅರ್ಥಾಗಿಲ್ಲ."

ನನಗೂ ಆಗಲಿಲ್ಲ. ಕನ್ನಡವೂ ತಡೆಯುವುದಿಲ್ಲ ಎಂದ ಮೇಲೆ ಸ್ಪ್ಯಾನಿಷ್ಷಿನ ಔಷಧಿಯ ಕಥೆ ಮುಗಿಯಿತು. ಎಮ್ಮೆಯ ಹತ್ತಿರ ಯಾವ ಔಷಧಿ ಇದೆ ಎಂದು ಭಾನುವಾರವೆಲ್ಲ ತಲೆ ಕೆಡಿಸಿಕೊಂಡೆ.

ಸೋಮವಾರ ಕೊನೆಯ ಪೀರಿಯಡ್ಡು ನನ್ನದು. ಪುಸ್ತಕ ತೆರೆಯಲು ಮನಸ್ಸಾಗಲಿಲ್ಲ. ಮಕ್ಕಳು ಎದ್ದು ಕೈಕಟ್ಟಿ ನಿಂತರು, ಕೂತುಕೊಳ್ಳಿ ಎಂದೆ. "ಇವತ್ತು ಹೇಳ್ಕೊಡಲ್ಲ, ಕೇಳ್ತೀನಿ," ಎಂದೆ. ಏನು ಕೇಳಬೇಕು ಎಂದು ಮಾತ್ರ ಯೋಚಿಸಿರಲಿಲ್ಲ. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಮಕ್ಕಳಿಗೆ ಕೇಳಿ ನನಗೆ ಅಭ್ಯಾಸವಿರಲಿಲ್ಲ. ಮನಸ್ಸಿನಲ್ಲಿದ್ದದ್ದು ಒಂದೇ, ಅದನ್ನೇ ಕೇಳಿದೆ.

"ಪವಿತ್ರ, ಎಮ್ಮೆ ಹತ್ರ ಮಾತಾಡುವಾಗ ನಿಂಗೆ ತಡೆಯಲ್ವಂತೆ. ಯಾಕವ್ವ?"

ಅವಳು ಎದ್ದಳು. "ಅ..." ಎಂದು ಶುರುಮಾಡಿ ನಿಂತಳು. ಪಕ್ಕದ ಹುಡುಗಿ "ಅದು ಪಾಪದ್ದು, ಅದ್ಕೇ ಸಾ" ಎಂದಳು. ಹಿಂದಿನವನು "ಅದ್ಕೆ ಅರ್ಥಾಗಲ್ಲ, ಅದ್ಕೆ" ಎಂದ. ನಾನೂ ಏನೋ ಹೇಳಲು ಹೋಗಿ, ಈ ಸಲ ಬಾಯಿ ಮುಚ್ಚಿಕೊಂಡೆ, ಉಳಿದವರಿಗೂ ಸುಮ್ಮನಿರಲು ಕೈಸನ್ನೆ ಮಾಡಿದೆ. ಬೆಲ್ಲು ಹೊಡೆಯಿತು. ಬ್ಯಾಗು ಹೆಗಲಿಗೇರಿಸಿದವರು ಹಾಗೇ ಕುಳಿತರು. ಅವಳ ತುಟಿ ಬಿಗಿಯಿತು, ಬಿಟ್ಟಿತು, ಮತ್ತೆ ಬಿಗಿಯಿತು. ಯಾರೂ ಏಳಲಿಲ್ಲ.

"ಅ... ಅದು ಮಧ್ಯ ಬಾಯಿ ಆಕಲ್ಲ ಸಾ," ಎಂದಳು ಪವಿತ್ರ. "ನಾನ್ ಏ... ಏಳಿ ಮುಗ್ಸಾಗಂಟ ಕಾಯ್ತದೆ."